ಹಳಿಯ ತುಂಡು

ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬೇಕಂತೆ,
ಎರಡು ಪುಟ, ಒಂದು ಫೋಟೋ.
ಮೂವತ್ತಾರು ವರ್ಷ ಗಂಟೆ ಹೊಡೆದವನ ಹತ್ತಿರ
ಕೊನೆಗೂ ಬಂದಿರಿ. ಕೂತುಕೊಳ್ಳಿ.
ಬರೆದುಕೊಳ್ಳಿ.

ಮೂರ್ಕಲ್ಲು ಪ್ರೌಢಶಾಲೆ ಶುರುವಾದದ್ದು
ಕಲ್ಲಿನ ಫಲಕ ಹೇಳುವ ವರ್ಷದಲ್ಲಲ್ಲ.
ಅದು ಮಂತ್ರಿ ಬಂದ ವರ್ಷ.
ಅದಕ್ಕೂ ಮುಂಚೆ ಒಂದೂವರೆ ವರ್ಷ
ಬೈತಂಡ ಚಿಟ್ಟಿಯಪ್ಪನವರ ಕಾಫಿ ಗೋದಾಮಿನಲ್ಲಿ
ಹನ್ನೊಂದು ಮಕ್ಕಳು ಮೂಟೆಗಳ ಮೇಲೆ ಕೂತು
ಅಕ್ಬರನ ಆಡಳಿತ ಕಲಿತೆವು.
ಪುಸ್ತಕಕ್ಕೂ ಬುತ್ತಿಗೂ ತಲೆಗೂದಲಿಗೂ
ಹುಳಿತ ಕಾಫಿ ಹಣ್ಣಿನ ವಾಸನೆ.
ಮೂಟೆ ಮಾರಾಟವಾದಂತೆ ಬೆಂಚು ಕಡಿಮೆ.
ಪರೀಕ್ಷೆ ಬರೆದದ್ದು ಬರೀ ನೆಲದ ಮೇಲೆ.

ಗಂಟೆಯೋ? ಅದನ್ನು ತಂದವರು ಸುಬೇದಾರ್ ಬೆಳ್ಯಪ್ಪ.
ಕಣ್ಣು ತೋರಿಸಲು ಮೈಸೂರಿಗೆ ಹೋದವರು
ಗುಜರಿಯಲ್ಲಿ ಕಂಡ ಒಂದು ಗಜ ರೈಲು ಹಳಿಯನ್ನು
ಬಸ್ಸಿನ ನೆತ್ತಿಗೆ ಹೇರಿಸಿ, ಅದಕ್ಕೂ ಟಿಕೆಟ್ ತೆಗೆದು ತಂದರು.
ರೈಲೇ ಇಲ್ಲದ ಕೊಡಗಿಗೆ
ಬಂದು ತಲುಪಿದ ರೈಲು ಅಷ್ಟೇ.
ಹಲಸಿನ ಕೊಂಬೆಗೆ ಕಟ್ಟಿ ಮೊದಲ ಏಟು ಬಿದ್ದಾಗ
ತೋಡಿನಾಚೆಯ ನಾಯಿಗಳೆಲ್ಲ ಬೊಗಳಿದವು.
ತಡವಾಗಿ ಬಂದವರ ನೆಪ ಅಂದಿನಿಂದ ಒಂದೇ:
‘ರೈಲು ತಪ್ಪಿತು ಸಾರ್.’

ಮುಖ್ಯೋಪಾಧ್ಯಾಯರ ಪಟ್ಟಿ ನಿಮ್ಮಲ್ಲಿದೆ,
ಅದರಲ್ಲಿ ಇಲ್ಲದ್ದು ಹೇಳುತ್ತೇನೆ.
ಹಾಸನದ ಕಡೆಯ ಜವರಪ್ಪ ಮೇಷ್ಟ್ರು
ಮೊದಲ ಮಳೆಗಾಲ ಜಿಗಣೆಗೆ ಹೆದರಿ
ಕಾಲುಚೀಲದೊಳಗೆ ಹೊಗೆಸೊಪ್ಪು ತುರುಕಿಕೊಂಡು ಪಾಠ ಮಾಡಿದರು.
ಮುಂದಿನ ಬೆಂಚು ಸೀನುತ್ತಲೇ ಪಾಸಾಯಿತು.
ವರ್ಗಾವಣೆ ಬೇಡಿ ಏಳು ಅರ್ಜಿ ಬರೆದರು,
ಎಂಟನೆಯದು, ಬಂದ ವರ್ಗಾವಣೆ ರದ್ದು ಮಾಡಿ ಅಂತ.

ಆ ಆಗಸ್ಟನ್ನೂ ಬರೆಯಿರಿ.
ಗುಡ್ಡ ಜಾರಿದ ರಾತ್ರಿ ನಾನೂ ಒಂಬತ್ತನೇ ‘ಬಿ’ಯಲ್ಲೇ ಮಲಗಿದ್ದೆ.
ಹಲಗೆಯ ಬೀಜಗಣಿತ ಒರೆಸಿ ಹೆಸರು ಬರೆದರು,
ಬಂದವರು ಎಡಕ್ಕೆ, ಬರಬೇಕಾದವರು ಬಲಕ್ಕೆ.
ಶಾಲೆ ಮತ್ತೆ ತೆರೆದಾಗ ಎಡಭಾಗ ಒರೆಸಿದರು.
ಬಲಕ್ಕೆ ಉಳಿದ ಎರಡು ಹೆಸರಿಗೆ ಬಟ್ಟೆ ಹಚ್ಚಲು
ಯಾವ ಮಗುವೂ ಒಪ್ಪಲಿಲ್ಲ, ಮೇಷ್ಟ್ರೂ ಒಪ್ಪಲಿಲ್ಲ.
ದಸರಾ ರಜೆಯವರೆಗೆ ಅರ್ಧ ಹಲಗೆಯಲ್ಲಿ ಪಾಠ.

ಇನ್ನೊಂದಿದೆ. ನೀವು ಅಚ್ಚು ಹಾಕಿಸುವುದಿಲ್ಲ, ಆದರೂ.
ಲೈನ್‌ಮನೆಯಿಂದ ಬರುತ್ತಿದ್ದ ಎರವರ ಮುತ್ತಿ.
ಹಾಜರಿ ಪುಸ್ತಕದಲ್ಲಿ ನವೆಂಬರ್‌ವರೆಗೆ ಇದ್ದಾಳೆ,
ಆಮೇಲೆ ಸಾಲಾಗಿ ಗೈರು, ಗೈರು,
ಕಾಫಿ ಕುಯ್ಲು ಮುಗಿಯುವ ತನಕ ಗೈರು.
ಒಂದು ಸಂಜೆ ತೋಟದ ಬದಿಯಲ್ಲಿ ಸಿಕ್ಕಳು, ಸೊಂಟಕ್ಕೆ ಚೀಲ.
‘ಇವತ್ತು ಮೂರನೇ ಗಂಟೆ ತಡವಾಗಿ ಹೊಡೆದಿರಿ,
ಚರಿತ್ರೆ ಜಾಸ್ತಿಯಾಯಿತು, ಗಣಿತ ಕಮ್ಮಿಯಾಯಿತು’ ಅಂದಳು.
ಗಿಡದಿಂದ ಗಿಡಕ್ಕೆ, ಗಂಟೆಯಿಂದ ಗಂಟೆಗೆ
ಟೈಮ್‌ಟೇಬಲ್ ಕಿವಿಯಲ್ಲಿಟ್ಟುಕೊಂಡೇ ಹಣ್ಣು ಕೊಯ್ಯುತ್ತಿದ್ದಳು.
ಮಾರನೆಯ ದಿನದಿಂದ ಆ ಇಳಿಜಾರಿಗೆ ಮುಖಮಾಡಿ
ಒಂದು ಏಟು ಜೋರಾಗಿ ಹೊಡೆದೆ.
ನಾನು ಮಾಡಿದ್ದು ಅಷ್ಟೇ.
ಹತ್ತನೆಯದರಲ್ಲಿ ಗಣಿತ ಹೋಯಿತು.
ಕೆಂಪು ಶಾಯಿಯಲ್ಲಿ ‘ಶಾಲೆ ಬಿಟ್ಟಿದೆ’ ಎಂದು ಬರೆದದ್ದೂ
ಇದೇ ಕೈ. ಗುಮಾಸ್ತರು ರಜೆಯಲ್ಲಿದ್ದರು.

ಈಗ ಕರೆಂಟಿನ ಗಂಟೆ ಬಂದಿದೆ,
ಗುಂಡಿ ಒತ್ತಿದರೆ ಯಾವುದೋ ಹಕ್ಕಿಯ ಕೂಗು.
ಆದರೆ ನಮ್ಮ ಜುಲೈಗೆ ಕರೆಂಟು ಎಲ್ಲಿಂದ?
ಆಗ ಬಿಸಿಯೂಟದ ಕೋಣೆಯಿಂದ ಮುತ್ತಿ ಬರುತ್ತಾಳೆ,
ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ,
ಕಬ್ಬಿಣದ ಸೌಟಿನಲ್ಲೇ ಹಳಿಗೆ ಬಾರಿಸುತ್ತಾಳೆ.
ಮೊನ್ನೆ ಜಗಲಿಯಲ್ಲಿ ಕೂತು ಎಣಿಸಿದೆ.
ಒಂದು. ಎರಡು. ಮೂರು.
ಗಡಿಯಾರ ನೋಡಿದೆ.
ಚರಿತ್ರೆ ಮುಗಿಯಲು ಇನ್ನೂ ಐದು ನಿಮಿಷವಿತ್ತು.