ಮುಯ್ಯಾಳು

ಮೊದಲು ಟೇಪು ಹಿಡಿದೆ.
ಡಬ್ಬಿಯ ಒಳಗೆ, ಮುಂದಿನ ಫ್ಯಾನಿನಿಂದ ಹಿಂದಿನ ತಗಡಿಗೆ
ಇಪ್ಪತ್ತೇಳು ಸೆಂಟಿಮೀಟರು.
ನನ್ನ ಮನಸ್ಸು ಕೂತಿದ್ದ ಕಾರ್ಡು ಮೂವತ್ತೊಂದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಬ್ಯಾಲರಾಟ್‌ನ ಈ ಗ್ಯಾರೇಜಿಗೆ ಬಂದು, ಬಗ್ಗಿ,
ಇದನ್ನೇ ನೋಡಿ ಹೇಳಿದ ಹಾಗಿತ್ತು.

ಜುಲೈ. ಕಾರಿನ ಗಾಜಿನ ಮೇಲೆ ಹಿಮ ಉಪ್ಪಿನಂತೆ ಕೂತಿದೆ.
ಹಗಲು ನಾನು ಕಿವಿ ಪರೀಕ್ಷಿಸುವವಳು:
ಹೆಡ್‌ಫೋನು ತೊಡಿಸಿ, ದಪ್ಪ ಬಾಗಿಲು ಮುಚ್ಚಿ
ಕೇಳಿಸಿದಾಗ ಗುಂಡಿ ಒತ್ತಿ ಅನ್ನುತ್ತೇನೆ.
ರಾತ್ರಿ ಈ ಯಂತ್ರಕ್ಕೂ ಅದೇ ಕೆಲಸ.
ಆಕಾಶದಿಂದ ಬುಟ್ಟಿ ಬುಟ್ಟಿ ತುಂಬಿಕೊಂಡ ಗದ್ದಲವನ್ನು
ಮನೆಮನೆಗೆ ಪಾಲು ಹಾಕಿ ಕಳಿಸುತ್ತಾರೆ;
ಅದರೊಳಗೆಲ್ಲೋ ಒಂದು ಸತ್ತ ನಕ್ಷತ್ರ
ಗಿರಗಿರ ತಿರುಗುತ್ತ ಟಿಕ್ ಅನ್ನುತ್ತಿರಬಹುದು.
ಅನ್ನದೆಯೂ ಇರಬಹುದು.

ಕೂಲಿ ಇಲ್ಲ.
ಚಿಕ್ಕಮ್ಮ ಮುಯ್ಯಾಳಾಗಿ ಹೋಗುತ್ತಿದ್ದಳು, ಈರುಳ್ಳಿ ಕಳೆ ಕೀಳಲು,
ಇವತ್ತು ಅವರ ಹೊಲ, ನಾಳೆ ನಮ್ಮದು.
ಇಲ್ಲಿ ಆ ನಾಳೆ ಯಾರ ಹೊಲದಲ್ಲೂ ಇಲ್ಲ.
ಕರೆಂಟಿನ ಬಿಲ್ಲು ತೋರಿಸಿದ್ದರೆ
ಕೊಟ್ಟೋನು ಕೋಡಂಗಿ ಅಂತ ಸೆರಗಲ್ಲಿ ನಗುತ್ತಿದ್ದಳು.

ಅಂಗಡಿಯಲ್ಲಿದ್ದ ಹೊಸದು ಮುನ್ನೂರಿಪ್ಪತ್ತು ವ್ಯಾಟು ಕುಡಿಯುತ್ತದೆ,
ನನ್ನ ಪವರ್ ಸಪ್ಲೈ ಮೊದಲ ರಾತ್ರಿಯೇ ಕೈಚೆಲ್ಲುತ್ತದೆ.
ಇನ್ನೊಂದು ತಣ್ಣಗಿನ ಸ್ವಭಾವದ್ದು, ಮಿತಾಹಾರಿ,
ಆದರೆ ದಶಮಾಂಶದ ಬಾಲ ಉದ್ದವಾದಷ್ಟೂ ಕುಂಟುತ್ತದೆ.
ಮೂರು ರವಿವಾರ ಕಾಗದದ ಮೇಲೆ ಕೂಡಿದೆ, ಕಳೆದೆ,
ಹೆಣ್ಣು ನೋಡಲು ಹೋದವರೂ ಇಷ್ಟು ಎಣಿಸಿರಲಾರರು.

ಕೊನೆಗೆ ಸೆಬಾಸ್ಟೊಪೋಲ್‌ನ ಮರ್ವಿನ್ ಟ್ರಿಝೈಸ್‌ನ ಶೆಡ್ಡು.
ಬಣ್ಣದ ಡಬ್ಬ, ಮುರಿದ ಮೀನುಗೋಲು, ಅವುಗಳ ನಡುವೆ
ಟವೆಲ್ಲಿನಲ್ಲಿ ಸುತ್ತಿದ ಹಳೆಯ ಕಾರ್ಡು.
ಅಳಿಯ ಇದರಲ್ಲಿ ಮೂರು ವರ್ಷ ನಾಣ್ಯ ತೋಡಿದ ಅಂದ,
ಸಿಕ್ಕಿದ್ದೆಲ್ಲ ಕಂಪನಿಯ ಪಾಲಿಗೆ ಹೋಯಿತು.
ಅವನ ಮುತ್ತಜ್ಜನೂ ತೋಡಿದ್ದನಂತೆ, ಇದೇ ಊರಿನ ಮಣ್ಣು,
ನಿಜವಾದ ಚಿನ್ನಕ್ಕೆ; ಸಿಕ್ಕಿದ್ದು ಕೆಮ್ಮು.
ನಾನು ಎತ್ತಿನ ಹಲ್ಲು ನೋಡುವಂತೆ
ಫ್ಯಾನನ್ನು ಬೆರಳಲ್ಲಿ ತಿರುಗಿಸಿದೆ.
ಎರಡನೆಯದು ಸಣ್ಣಗೆ ಕರಕರ ಅಂದಿತು.
ಬೇರಿಂಗು ಸವೆದಿದೆ, ಕೇಳಿ, ಅಂದೆ.
ಕಾರ್ಡನ್ನು ಕಿವಿಗೆ ಹಿಡಿದ. ಬಲಕ್ಕೆ, ಆಮೇಲೆ ಎಡಕ್ಕೆ.
ಚೌಕಾಸಿಗೆ ಹೇಳುತ್ತೀರಿ ಅಂತ ನಕ್ಕ.
ನನಗೆ ಗೊತ್ತಾಯಿತು: ನಾಲ್ಕು ಸಾವಿರ ಹರ್ಟ್ಸ್‌ನಿಂದ ಮೇಲೆ
ಅವನಿಗೆ ಊರೇ ನಿದ್ದೆ ಹೋಗಿದೆ.
ಹಕ್ಕಿ ಇಲ್ಲ, ಕುಕ್ಕರಿನ ಸಿಳ್ಳಿಲ್ಲ.

ಕೇಳಿದಷ್ಟೇ ಕೊಟ್ಟೆ, ನೂರೆಂಬತ್ತು ಡಾಲರು,
ಮೇಲೆ ಕ್ಲಿನಿಕ್ಕಿನ ಚೀಟಿ.
ಕಾರ್ಡಿಗೆ ಕಾರ್ಡು.

ಇಪ್ಪತ್ತಾರೂವರೆ. ಕೂತಿತು. ಅರ್ಧ ಬೆರಳು ಜಾಗ ಉಳಿಯಿತು.
ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ, ಎರಡು ಹನಿ.
ಹೀಟರು ಆರಿಸಿದೆ, ಅದರ ಬಿಸಿಯೇ ಸಾಕು ಪಾದಕ್ಕೆ.
ಎರಡೂ ನಲವತ್ತಕ್ಕೆ ಮೊದಲ ಕಂತು ಮುಗಿದು
ಪರದೆಯ ಮೇಲೆ ಬಂತು: ಪರಿಶೀಲನೆ ಬಾಕಿ.
ಅದೇ ಗದ್ದಲ ಇನ್ನೊಂದು ಮನೆಗೂ ಹೋಗಿದೆಯಂತೆ,
ಎರಡು ಉತ್ತರ ತಾಳೆಯಾದರೆ ಮಾತ್ರ ಲೆಕ್ಕ.

ಕಳೆದ ವಾರ ಓಲರೆನ್‌ಶಾ ಎಂಬ ಮುದುಕಿ
ನಾನು ಏನೂ ಕಳಿಸದ ಹೊತ್ತಲ್ಲಿ ಗುಂಡಿ ಒತ್ತಿದಳು.
ಮೂರು ಸಲ, ಒಂದೇ ಅಂತರದಲ್ಲಿ.
ತಪ್ಪು ಎಂದು ಬರೆದುಕೊಂಡೆ. ಇನ್ನೊಬ್ಬರನ್ನು ಕೇಳಲಿಲ್ಲ.

ಆ ಇನ್ನೊಂದು ಮನೆಯವರು ಯಾರೋ, ಮಲಗಿದ್ದಾರೋ, ಎದ್ದಿದ್ದಾರೋ.
ಎಣ್ಣೆ ಹಾಕಿದರೂ ಕರಕರ ಪೂರ್ತಿ ಹೋಗಿಲ್ಲ.
ನನಗೆ ಕೇಳಿಸುತ್ತಿದೆ.