ನಾಲ್ಕು ಮೊಳ, ಮೂರು ಮೊಳ

ಗಂಗಾವತಿ, ಕಂಪ್ಲಿ ರಸ್ತೆ. ಶೆಟರ್ ಇನ್ನೂ
ಅರ್ಧ ಎತ್ತೀನಿ, ಅಷ್ಟರಾಗ ಬಂದು ನಿಂತಾನ
ಸಾಣಾಪುರದ ಯಮನೂರಪ್ಪ,
ಹಿಂದ ಹಳೇ ಓಮ್ನಿ, ಹೆಗಲಮ್ಯಾಲ ಟವೆಲ್ಲು.
"ಮಾಬುಸಾ, ಇದರ ನೆತ್ತಿಗೊಂದು ಕ್ಯಾರಿಯರ್ ಬೇಕು.
ಹರಿಗೋಲು ಹೊರಬೇಕು."

ನಾನು ನಗಲಿಲ್ಲ. ಸೋಫಾ ಹೊರೋದು ಮಾಡಿಕೊಟ್ಟೀನಿ,
ಭತ್ತದ ಸಸಿ, ಮೈಕಿನ ಡಬ್ಬಿ, ಒಮ್ಮೆ ಕುಂಟ ಆಡು.
ಅವಕ್ಕೆಲ್ಲ ಮೂಲೆ ಇದ್ದವು, ಆಡಿಗೆ ಕಾಲಿದ್ದವು.
ಇದಕ್ಕೇನೈತಿ ಹಿಡಿಯಾಕ?

ಹೊಸಪೇಟಿ ಅಲ್ಯೂಮಿನಿಯಂ ತೋರಿಸಿದೆ: ಹಗುರ, ತುಕ್ಕಿಲ್ಲ.
ಕುಂಬಳಕಾಯಿ ತಟ್ಟಿದಂಗ ತಟ್ಟಿ,
"ಗಾಳಿಗೆ ಹಾಡತೈತಿ ಇದು," ಅಂದ.
ಕಬ್ಬಿಣದ್ದು, ಹೊರಸಿನಂಗ ಕಟ್ಟಿದ್ದು. ಎತ್ತಿ ಇಳಿಸಿದ.
"ಇದನ್ನ ಹೊತ್ತ ಮ್ಯಾಲ
ಹರಿಗೋಲು ಹೊರಾಕ ಗಾಡಿಗೆ ಎಲ್ಲಿ ಜೀವ?"
ಅಂಚಿಗೆ ಕಂಬಿ ಇದ್ದದ್ದು ಬ್ಯಾಡ, ಬಿದಿರು ತಿಂತೈತಿ.
ಇಲ್ಲದ್ದೂ ಬ್ಯಾಡ, ಜಾರತೈತಿ.

ಚಾ ತರಿಸಿದೆ.

ಮದುವಿಗೆ ಮುಂಚೆ ಫೋಟೋ ತೆಗಿಸಿಕೊಳ್ಳೋರು ಕರೀತಾರಂತ,
ಇವತ್ತು ಕೆರೆ, ನಾಳೆ ಕಾಲುವೆ ಬಾಜೂಕ ಹೊಂಡ.
ಹುಡುಗಿ ನೀರಾಗ ಬೆರಳು ಅದ್ದಬೇಕು,
ಹುಡುಗ ಹುಟ್ಟು ಹಿಡೀಬೇಕು,
"ನಾ ಕಾಣಬಾರದು. ಬಗ್ಗಿ ಕೂಡ್ತೀನಿ,"
ಅಂದು ಬಸಿಯಾಗಿನ ಚಾ ಊದಿಕೊಂಡು ಕುಡಿದ.

ಆಮ್ಯಾಲ ಅಳೆದ. ಹರಿಗೋಲು ನಾಲ್ಕು ಮೊಳ,
ತಗಡು ಮೂರು. ಆಚೀಚೆ ಮುಕ್ಕಾಲು ಅಡಿ ಹೊರಗ.
ಅಂಗಾತ ಇಟ್ಟರ ಗಾಳಿ ತುಂಬತೈತಿ, ಬೋರಲ ಹಾಕೋಣು.
ಎರಡ ಅಡ್ಡ ಪೈಪು ಸಾಕು, ಅವಕ್ಕೆ ಸೈಕಲ್ ಟ್ಯೂಬು ಸುತ್ತು.
ನಾಲ್ಕು ಕೊಂಡಿ. ನೀರು ಇಳಿಯೋ ಅಂಚಿಗೆ ಕಚ್ಚಿಸು,
ತೂತು ಮಾತ್ರ ಹೊಡೀಬ್ಯಾಡ.
ಗೋಡೆ ತುಂಬ ಸಾವಿರಾರು ರೂಪಾಯಿ ಮಾಲು ನೇತಾಡತಿತ್ತು,
ನಾನು ಎರಡು ಪೈಪು ಕೊಯ್ದೆ.

ಕಟ್ಟಿ ಮುಗಿದಾಗ ಓಮ್ನಿ
ಡಾಂಬರಿನ ಟೋಪಿ ಹಾಕ್ಕೊಂಡು ಪಂಚಾಯ್ತಿಗೆ ಹೊಂಟಂಗಿತ್ತು.

ಇದರ ಅವ್ವನ ಹೊಟ್ಟೆಯೊಳಗ, ಸೇತುವೆ ಇಲ್ಲದ ಕಾಲಕ್ಕ,
ನನ್ನ ಟಿವಿಎಸ್ಸು, ಗ್ಯಾಸಿನ ಸಿಲಿಂಡರು, ನಾನು
ಆನೆಗುಂದಿ ಕಡವಿನಾಗ ಗರಗರ ತಿರುಗಿದ್ವಿ.
ಹ್ಯಾಂಡಲ್ ಹಿಡಿದು ಹಿಡಿದು ಗೆಣ್ಣು ಬೆಳ್ಳಗಾಗಿದ್ದವು.
"ಕೈ ಬಿಡು ಮಾಬುಸಾ," ಅಂದಿದ್ದ, "ಅದ ನಿಲ್ಲತೈತಿ."
ನಾನು ಬಿಟ್ಟಿರಲಿಲ್ಲ.

ಈಗ ಅಳಿಯ ಗಾಡಿ ಚಾಲು ಮಾಡಿದ.
ಯಮನೂರಪ್ಪ ಕಿಟಕಿಯಿಂದ ಕೈ ಹಾಕಿ
ಹರಿಗೋಲಿನ ಅಂಚು ಹಿಡಕೊಂಡ.
ಕೈ ಬಿಡೋ, ಅಂದೆ. ಅದ ನಿಲ್ಲತೈತಿ.
ಹೂಂ, ಹೂಂ, ಅಂದ.

ಬಸ್ ಸ್ಟ್ಯಾಂಡಿನ ತಿರುವಿನ ತನಕ ನೋಡಿದೆ.
ಹಿಡಕೊಂಡೇ ಇದ್ದ.