ಕೂಳೆ ಚಿಗುರು

ನನ್ನ ತವರು ಕಾಲುವೆಯ ಮಗ್ಗಲು, ಮುಧೋಳದಾಚೆ.
ಕಬ್ಬಿನ ವಾಡಿ ಅಲ್ಲಿ ಹಾದಿಯಲ್ಲೇ ಬಿದ್ದಿರುತ್ತಿತ್ತು,
ಎಮ್ಮೆ ತಿಂದು, ತುಳಿದು, ಅದರ ಮೇಲೇ ಮಲಗುತ್ತಿತ್ತು.
ಮೇವನ್ನು ಎಣಿಸುತ್ತಾರೆಂದು
ಡೋಣಿ ಸಾಲಿಗೆ ಸೊಸೆಯಾಗಿ ಬಂದಮೇಲೆ ತಿಳಿಯಿತು.

ಅತ್ತೆ ಗುರುಬಾಯಿ ಬಣವಿಯ ಮುಂದೆ ನಿಂತು
ಒಂದೊಂದೇ ಸಿವುಡು ಮುಟ್ಟುತ್ತಿದ್ದಳು,
ಕೂಸಿನ ಜ್ವರ ನೋಡುವ ಹಾಗೆ.
"ಎತ್ತಿಗೆ ಎರಡೆರಡು.
ಗಬ್ಬದಾಕಳಿಗೆ ಎರಡೂವರಿ, ಮ್ಯಾಲ ಹಿಡಿ ಹತ್ತಿಕಾಳು.
ಹೋರಿಗರಕ್ಕ ಒಂದು.
ಉಳದದ್ದು ಮಡ್ಡಿ ಕೊಡ್ತದ."

ಮಡ್ಡಿಗೂ ಪಾಳಿ ಇತ್ತು.
ದೀವಳಿಗೆತನಕ ಮೂಡಣ ದಿಬ್ಬ,
ಆಮೇಲೆ ಬನ್ನಿಗಿಡದ ಕೆಳಗಿನ ತಗ್ಗು,
ಶಿವರಾತ್ರಿ ದಾಟಿತೆಂದರೆ ಜಾಲಿಕಾಯಿ ಉದುರುವ ದಾರಿ.
ಮೇಯಿಸಿ ಬಿಟ್ಟ ಜಾಗಕ್ಕೆ
ಬಾಣಂತಿ ಕೋಣೆಯ ಬಾಗಿಲು ಎಳೆದಂತೆ
ಮುಳ್ಳು ಎಳೆದು ಬರುತ್ತಿದ್ದಳು.

ಆ ವರ್ಷ ಯುಗಾದಿಯ ಹಿಂದೆಯೇ ಒಂದು ಅಡ್ಡಮಳೆ.
ಸುಗ್ಗಿ ಮುಗಿದ ಎರಿಹೊಲದಲ್ಲಿ
ಜೋಳದ ಕೂಳೆ ಹತ್ತೇ ದಿನಕ್ಕೆ ಗೇಣುದ್ದ.
ಏನು ಹಸಿರು! ತವರೇ ನಡೆದು ಬಂದಿತ್ತು.
ಹೋರಿಗರ ಹಗ್ಗ ಜಗ್ಗುತ್ತಿತ್ತು,
ಅದರ ಪಕ್ಕೆಲುಬನ್ನೂ ಎಣಿಸಬಹುದಿತ್ತು.
ಅತ್ತೆ ತಾಳಿಕೋಟಿ ಸಂತೆಗೆ ಹೋದ ದಿನ
ಗೂಟದಿಂದ ಕಣ್ಣಿ ಬಿಚ್ಚಿದೆ.

ಎರಡು ಬಾಯಿ.
ಮೂರನೆಯದಕ್ಕೆ ಬದುವಿನಾಚೆಯಿಂದ ಗೊಲ್ಲಾಳಪ್ಪ ಕೂಗಿದ,
ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದು
ಕರದ ಬಾಯಿಗೆ ಕೈ ಹಾಕಿ
ಜೊಲ್ಲಿನ ಸಮೇತ ಹಸಿರನ್ನು ಹೊರಗೆಳೆದ.
"ವಿಷ ಅದ ತಂಗಿ.
ಎಳಿ ಚಿಗುರಿನಾಗ ಇರ್ತದ, ಕಣ್ಣಿಗೆ ಕಾಣಾಂಗಿಲ್ಲ.
ಹ್ವಾದ ವರ್ಷ ನನ್ನ ಆಕಳ
ಇದ ಸಾಲಿನಾಗ ಕುಂತಿತು.
ಏಳಲಿಲ್ಲ."

ಬೆಲ್ಲದ ನೀರು. ದನದ ಡಾಕ್ಟರಿಗೆ ಫೋನು,
ಅವರು ಹಿರೂರಿನಲ್ಲಿದ್ದರು, ಬರುವುದು ತಡ.
ಕರು ನಡುಗಿತು, ನಿಂತಿತು, ಮತ್ತೆ ನಡುಗಿತು.
ಸುತ್ತಲೂ ಆ ಹಸಿರು ಗಾಳಿಗೆ ಓಲಾಡುತ್ತಿತ್ತು,
ತನಗೇನೂ ಗೊತ್ತಿಲ್ಲದಂತೆ.
ಹೊತ್ತು ಮುಳುಗುವಾಗ ಸಗಣಿ ಹಾಕಿತು.
ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆ ಬೈಯಲಿಲ್ಲ.
ಸಂತೆಯ ಚೀಲದಿಂದ ಉಪ್ಪಿನ ಹರಳು ತೆಗೆದು
ಕರಕ್ಕೊಂದು ನೆಕ್ಕಿಸಿದಳು,
ಬೆರಳಿಗಂಟಿದ್ದನ್ನು ತಾನೇ ನೆಕ್ಕಿಕೊಂಡಳು.
"ನಾಳಿಂದ ಬಣವಿ ನಿಂದು" ಅಂದಳು.

ಎಣಿಸಿದೆ.
ನಾಕುನೂರಾ ಹತ್ತು ಸಿವುಡು.
ಮಡ್ಡಿ ಹಸಿರಾಗಲು ಇನ್ನೂ ಅರವತ್ತೆರಡು ದಿನ.
ದಿನಕ್ಕೆ ಏಳೂವರೆ.
ಲೆಕ್ಕ ಕೂಡಲಿಲ್ಲ.
ಕಂದೀಲು ಹತ್ತಿರ ಹಿಡಿದು
ಮತ್ತೆ ಮೊದಲಿನಿಂದ ಎಣಿಸಿದೆ.